ಚಾದರದ ಮೇಲೆ ನಡಿಗೆ

ಮಕ್ಕಳೇ, ನಮ್ಮ ಹುಲಿಕೆರೆಯ ಹೊಯ್ಸಳರ ಕಾಲದ ಕೊಳ ನೋಡಿದ್ದೀರಾ? ತಿಂಗಳಿಂದ ನನ್ನ ಮೊಮ್ಮಗ ಬೆನ್ನಿಗೆ ಚೀಲ ಹೊತ್ತು ಅದರ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ. ಜನವರಿಯಲ್ಲಿ ಲಡಾಖಿಗೆ ಹೋಗಿ, ಹೆಪ್ಪುಗಟ್ಟಿದ ಜನ್ಸ್ಕಾರ್ ನದಿಯ ಮೇಲೆ ನಡೆಯುತ್ತಾನಂತೆ! ಆ ದಾರಿಯ ಹೆಸರು ‘ಚಾದರ್’, ಅಂದರೆ ಹೊದಿಕೆ.

“ಒಡೆದರೇನೋ ಗತಿ?” ಎಂದೆ.

“ಅಜ್ಜಿ, ಮಂಜುಗಡ್ಡೆ ನೀರಿಗಿಂತ ಹಗುರ, ಮೇಲೇ ತೇಲುತ್ತೆ. ಅಡಿಯಲ್ಲಿ ನದಿ ಹರೀತಾನೇ ಇರುತ್ತೆ. ಅಲ್ಲಿನವರು ಮುಂದೆ ನಡೆದು ಕೋಲಿನಿಂದ ಕುಟ್ಟಿ, ಸದ್ದು ಕೇಳಿ ದಾರಿ ತೋರಿಸ್ತಾರೆ.”

ನಾವು ತೆಂಗಿನಕಾಯಿ ತಟ್ಟಿ ನೋಡುವಂತೆ!

ಅವನ ಪಟ್ಟಿ ಓದಿಸಿದೆ. ಉಣ್ಣೆ ಬಟ್ಟೆ, ರಬ್ಬರ್ ಬೂಟು, ಎಲ್ಲ ಸರಿ. ಆದರೆ ವಿಮಾನದಲ್ಲಿ ಲೇಹ್‌ಗೆ ಇಳಿದ ಮರುದಿನವೇ ನಡಿಗೆ! ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಉಸಿರಿಗೇ ಕಷ್ಟ ಎಂದು ಹೇಳಿದವನೂ ಅವನೇ.

“ಹೊಸ ಎತ್ತು ತಂದರೆ ಮಾರನೇ ದಿನವೇ ನೇಗಿಲಿಗೆ ಕಟ್ತೀವೇನೋ?” ಎಂದೆ. ತಲೆ ಕೆರೆದುಕೊಂಡ. ಮೂರು ದಿನ ವಿಶ್ರಾಂತಿ, ಆಮೇಲೆ ವೈದ್ಯರ ತಪಾಸಣೆ ಎಂದು ತಿದ್ದಿ ಬರೆದ.

ಕೊನೆಯ ಸಾಲು ನಾನೇ ಬರೆಸಿದೆ: ‘ದಾರಿ ತೋರುವವರು ಬೇಡವೆಂದರೆ ಅಲ್ಲಿಂದಲೇ ವಾಪಸ್.’

ಅರ್ಧದಿಂದ ಬಂದರೂ ಹೋಳಿಗೆ ಮಾಡಿಕೊಡುತ್ತೇನೆ ಎಂದಿದ್ದೇನೆ.