ಲಾಗ್-ರ‍್ಯಾಂಕ್ ಏನು ದೇವರಾ?

"ಹೊಸ ಔಷಧಿಯಿಂದ ಬರೀ ಮೂರು ತಿಂಗಳು ಹೆಚ್ಚು ಬದುಕ್ತಾರಂತೆ, ಇಷ್ಟಕ್ಕೆ ಇಷ್ಟು ಗದ್ದಲವಾ?" ಅಂತ ಮೂಗು ಮುರಿಯುವ ಪೋಸ್ಟ್‌ಗಳನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ನಾನು ಕೊಗನೊಳ್ಳಿಯವನು ಮಾರಾಯ್ರೆ, ನಿಪ್ಪಾಣಿ ತಂಬಾಕಿನ ಸೀಮೆಯವನು. ಬಾಯಿ ಕ್ಯಾನ್ಸರ್ ನಮಗೆ ಪೇಪರಿನ ಸುದ್ದಿ ಅಲ್ಲ.

ಮುಂಬಯಿಯ ಟಾಟಾ ಮೆಮೋರಿಯಲ್‌ನವರು ತಲೆ-ಕುತ್ತಿಗೆ ಕ್ಯಾನ್ಸರಿಗೆ ಮಾಮೂಲಿ ಮಾತ್ರೆಗಳ ಜೊತೆ ನಿವೊಲುಮ್ಯಾಬ್ ಕೊಟ್ಟು ನೋಡಿದ ವರದಿ 2022ರಲ್ಲಿ ಬಂತು. ಡೋಸ್ ಬರೀ 20 ಮಿಲಿಗ್ರಾಂ, ರೋಗಿಗಳು 151. ಮೀಡಿಯನ್, ಅಂದ್ರೆ ಅರ್ಧ ಜನ ತೀರಿಹೋಗುವ ಹೊತ್ತು, 6.7 ತಿಂಗಳಿದ್ದದ್ದು 10.1 ಆಯ್ತು. ಮೂಗು ಮುರಿಯುವವರು ಇಲ್ಲಿಗೇ ನಿಲ್ತಾರೆ. ಒಂದು ವರ್ಷ ದಾಟಿದವರು ಎಷ್ಟು ಗೊತ್ತಾ? ನೂರಕ್ಕೆ 16 ಇದ್ದವರು 43!

ಮೀಡಿಯನ್ ನೋಡೋದು ಒಂದೇ ಬಿಂದುವನ್ನ. ಮ್ಯಾಂಟೆಲ್ 1966ರಲ್ಲಿ ಕೊಟ್ಟ ಲಾಗ್-ರ‍್ಯಾಂಕ್ ಟೆಸ್ಟ್ ಹಾಗಲ್ಲ, ಪ್ರತಿ ಸಾವನ್ನೂ ಎಣಿಸುತ್ತೆ. ಸಾವಿನ ವೇಗ ಶುರುವಿನಿಂದ ಕೊನೆತನಕ ಒಂದೇ ಪ್ರಮಾಣದಲ್ಲಿ, ನೂರಕ್ಕೆ 30ರಷ್ಟು, ತಗ್ಗಿದರೆ ಅದನ್ನು ನೂರಕ್ಕೆ 80 ಸಲ ಹಿಡಿಯೋಕೆ ಸುಮಾರು 247 ಸಾವು ಬೇಕು. ಗಮನಿಸಿ, 247 ರೋಗಿಗಳಲ್ಲ, ಸಾವು.

ಆದ್ರೆ ಇಮ್ಯುನೊಥೆರಪಿ ಔಷಧಿಗಳು ಎಷ್ಟೋ ಸಲ ತಡವಾಗಿ ಕೆಲಸ ಶುರು ಮಾಡ್ತವೆ. ಮೊದಲ ಅರ್ಧ ಸಾವುಗಳ ಹೊತ್ತಿಗೆ ಪರಿಣಾಮವೇ ಇಲ್ಲ ಅಂದ್ಕೊಳ್ಳಿ. ಸರಾಸರಿ ಪರಿಣಾಮ ಅರ್ಧವಾಯ್ತು, ಬೇಕಾದ ಸಾವುಗಳು ನಾಲ್ಕು ಪಟ್ಟಾದ್ವು: ಹತ್ತಿರ ಹತ್ತಿರ 990. ತಡವಾದ ಸಾವುಗಳಿಗಷ್ಟೇ ತೂಕ ಕೊಡುವ ಟೆಸ್ಟ್‌ಗೆ ಒಟ್ಟು 494 ಸಾಕು. ಔಷಧಿ ಅದೇ, ರೋಗಿಗಳೂ ಅವರೇ. "ರೂಢಿ ಹಾಗಿದೆ" ಅಂತ ಹಳೇ ಟೆಸ್ಟ್ ಇಟ್ಕೊಂಡ್ರೆ ಇನ್ನೂ ಐದುನೂರು ಸಾವಿಗೆ ಕಾಯಬೇಕು. ಇಲ್ಲಾಂದ್ರೆ ಕೆಲಸ ಮಾಡುವ ಔಷಧಿಯನ್ನೇ ಕಸದ ಬುಟ್ಟಿಗೆ ಹಾಕಬೇಕು. ಇದನ್ನ ಕಾಗದದ ಲೆಕ್ಕ ಅಂತ ತಳ್ಳಿಹಾಕೋಕಾಗುತ್ತಾ?

ತೂಕದ ಟೆಸ್ಟೇನೂ ಪುಕ್ಕಟೆ ಅಲ್ಲ. ಔಷಧಿ ಮೊದಲ ದಿನದಿಂದಲೇ ಕೆಲಸ ಮಾಡಿದ್ರೆ ಅರ್ಧ ಸಾವುಗಳನ್ನು ಲೆಕ್ಕದಿಂದ ಬಿಟ್ಟ ಹಾಗೆ, 247 ಸಾಕಾಗೋ ಕಡೆ 494 ಬೇಕು. ಮೊದಲೇ ತೀರಿಕೊಂಡವರನ್ನು ಮರೆಮಾಚೋಕೂ ಇದನ್ನ ಬಳಸಬಹುದು. ಫಲಿತಾಂಶ ನೋಡಿ ಆಮೇಲೆ ತೂಕ ಆರಿಸೋದಂತೂ ಶುದ್ಧ ಕಳ್ಳತನ. ಯಾವ ಟೆಸ್ಟು, ಯಾಕೆ ಅಂತ ಮೊದಲ ರೋಗಿ ಸೇರೋ ಮುಂಚೆಯೇ ಬರೆದಿಡಬೇಕು.

ಹಂಗಾಗಿ ಬ್ಲಾಗಿಗರೇ, ಮುಂದಿನ ಸಲ ಔಷಧಿ ಬಗ್ಗೆ ಪೋಸ್ಟ್ ಹಾಕೋವಾಗ ಮೀಡಿಯನ್ ಜೊತೆ ಗ್ರಾಫನ್ನೂ ಹಾಕ್ರಿ. ಗೆರೆಗಳು ಎಲ್ಲಿ ಬೇರೆಯಾಗ್ತವೆ ನೋಡೋಣ. ಬೈಯೋದಿದ್ರೆ ಕೆಳಗೆ ಕಾಮೆಂಟ್ ಡಬ್ಬಿ ಖಾಲಿ ಇದೆ.