ರಕ್ತ ಕಂಡರೆಲ್ಲ ಮೂಲವ್ಯಾಧಿಯಲ್ಲ

ಮಲದಲ್ಲಿ ರಕ್ತ ಕಂಡರೆ ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಮೊದಲು ಬರುವ ಮಾತು ಮೂಲವ್ಯಾಧಿ. ನಾಟಿ ಔಷಧ, ಪಥ್ಯ ಎನ್ನುತ್ತ ತಿಂಗಳುಗಳು ಕಳೆಯುತ್ತವೆ. ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ ಆ ತಿಂಗಳುಗಳು ಮರಳಿ ಸಿಗವು.

ಸಾಮಾನ್ಯವಾಗಿ ಬಾಯಲ್ಲಿ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಈ ಕ್ಯಾನ್ಸರ್‌ನ ಗಡ್ಡೆಗಳಲ್ಲಿ ಹೇರಳವಾಗಿರುವುದನ್ನು 2012ರಲ್ಲಿ ಅಮೆರಿಕ, ಕೆನಡಾದ ಸಂಶೋಧಕರು ತೋರಿಸಿದರು. 2019ರಲ್ಲಿ ಹಲವು ದೇಶಗಳ ಮಲದ ಮಾದರಿಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ದೇಶ ಬೇರೆಯಾದರೂ ರೋಗಿಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಮಾನವಾಗಿ ಹೆಚ್ಚಿದ್ದವು. ಚೂರು ಮಲದಿಂದಲೇ ರೋಗದ ಸುಳಿವು ಹಿಡಿಯುವ ಭರವಸೆ ಇದು. ಆದರೆ ಉಣ್ಣುವುದು ಬದಲಾದರೆ ಕರುಳಿನ ಬ್ಯಾಕ್ಟೀರಿಯಾವೂ ಬದಲಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು ಬೆಳೆದ ರಬಕವಿ-ಬನಹಟ್ಟಿಯ ನೇಕಾರರಿಗೆ ಪರದೇಶದ ಅಳತೆಗೋಲು ಒಗ್ಗುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬಾಗಲಕೋಟೆಯ ವೈದ್ಯಕೀಯ ಕಾಲೇಜು ಇದಕ್ಕೆ ಕೈಜೋಡಿಸಲಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಕಣ್ಣಿಗೆ ಕಾಣದ ರಕ್ತವನ್ನೂ ಮಲದಲ್ಲಿ ಪತ್ತೆಹಚ್ಚುವ ಫಿಟ್ ಪರೀಕ್ಷೆ ಈಗಲೇ ಇದೆ. ಆದರೂ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಕ್ಯಾನ್ಸರ್ ತಪಾಸಣೆ ಮುಖ್ಯವಾಗಿ ಬಾಯಿ, ಸ್ತನ, ಗರ್ಭಕಂಠಗಳ ಸುತ್ತಲೇ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಫಿಟ್ ಪರೀಕ್ಷೆ ಉಚಿತವಾಗಿ ಸಿಗಬೇಕು; ರಕ್ತ ಪತ್ತೆಯಾದವರಿಗೆ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿಯ ದಿನಾಂಕವನ್ನು ಅಲ್ಲಿಯೇ ಗೊತ್ತುಮಾಡಿ ಕಳಿಸಬೇಕು. ಕೂಲಿ ಬಿಟ್ಟು ಬಂದವರನ್ನು ಬರಿಗೈಲಿ ತಿರುಗಿಸಿದರೆ ಅವರು ಮತ್ತೆ ಬರಲಾರರು.