ತಿಕ್ಕಬೇಡಿ, ದಯವಿಟ್ಟು!

ಮೊದಲು ಒಂದು ತಪ್ಪೊಪ್ಪಿಗೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಧಾರವಾಡದಿಂದ ಬಂದ ನಮ್ಮಜ್ಜಿ ಒಂದು ಹಳೆಯ ರಟ್ಟಿನ ಡಬ್ಬಿಯಿಂದ ಬೆಳ್ಳಿ ರೂಪಾಯಿ ತೆಗೆದು ನನ್ನ ಕೈಗಿಟ್ಟಳು. 1918ರದು, ಐದನೆಯ ಜಾರ್ಜನ ಮುಖದ್ದು. ಅಂಚಿಗೆ ನವಿಲುಗರಿಯ ನೀಲಿ, ಒಳಗೆ ಕೆಂಪು, ನಡುವೆ ತೆಳ್ಳನೆಯ ಹೊಂಬಣ್ಣ. ನನಗೇನು ಗೊತ್ತು? ಕೊಳೆ ಅಂದುಕೊಂಡೆ. ಹುಣಸೆಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕಿದೆ. ರೂಪಾಯಿ ಬೆಳ್ಳಗಾಯಿತು. “ಛಲೋ ಮಾಡಿದಿ ತಮ್ಮಾ” ಅಂದಳು ಅಜ್ಜಿ.

ಮರುವರ್ಷ ಅದನ್ನು ಫೋರ್ಟಿನ ಫುಟ್‌ಪಾತಿನಲ್ಲಿ ಹಳೆಯ ನಾಣ್ಯ ಮಾರುವ ಮುದುಕನೊಬ್ಬನಿಗೆ ತೋರಿಸಿದೆ. ಆತ ಬೆಳಕಿಗೆ ಹಿಡಿದು ಒಮ್ಮೆ ತಿರುಗಿಸಿದ. ಏನೂ ಅನ್ನಲಿಲ್ಲ. ಸುಮ್ಮನೆ ತಕ್ಕಡಿಗೆ ಹಾಕಿದ! ನಾಣ್ಯವೆಂದಲ್ಲ, ಬರೀ ಬೆಳ್ಳಿಯೆಂದು ತೂಗಿದ. ಆ ತಕ್ಕಡಿಯ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆ ಬಣ್ಣ ಕೊಳೆಯಲ್ಲ. ಆ ಕಾಲದ ರೂಪಾಯಿ ಒಂದು ತೊಲ ತೂಕದ್ದು, ಅಂದರೆ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. (1940ರಿಂದ ಅದು ಅರ್ಧಕ್ಕಿಳಿಯಿತು, 1947ರ ರೂಪಾಯಿಯಂತೂ ಬರೀ ನಿಕ್ಕಲ್.) ಗಾಳಿಯಲ್ಲಿ, ಕಾಗದದಲ್ಲಿ, ರಟ್ಟಿನಲ್ಲಿ ಇರುವ ಗಂಧಕ ಬೆಳ್ಳಿಗೆ ತಾಕಿದಾಗ ಮೇಲೊಂದು ಅತಿ ತೆಳುವಾದ ಪೊರೆ ಕೂಡುತ್ತದೆ. ಮಳೆಗಾಲದ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿ ಕಾಮನಬಿಲ್ಲು ಮೂಡುವುದಿಲ್ಲವೇ, ಇದೂ ಅದೇ ಆಟ. ಪೊರೆ ತೆಳುವಿದ್ದಾಗ ಹೊಂಬಣ್ಣ, ದಪ್ಪವಾಗುತ್ತ ಹೋದಂತೆ ಕೆಂಪು, ಆಮೇಲೆ ನೀಲಿ. ಹೀಗೇ ಬಿಟ್ಟರೆ ಕೊನೆಗೆ ಕಪ್ಪು. ಆ ಪೊರೆಯಲ್ಲಿರುವುದು ನಾಣ್ಯದ್ದೇ ಬೆಳ್ಳಿ. ತಿಕ್ಕಿದರೆ ಬಣ್ಣದ ಜೊತೆ ನಾಣ್ಯದ ಚರ್ಮವೂ ಹೋಗುತ್ತದೆ. ಅಚ್ಚೊತ್ತಿದ ದಿನ ಬಂದ ಹೊಳಪು ಹೋಗುತ್ತದೆ. ಉಳಿಯುವುದು ಗೀರು ಬಿದ್ದ ಬಿಳುಪು. ಅದು ಮತ್ತೆ ಬಣ್ಣಗೊಂಡೀತು, ಆದರೆ ಆ ಹೊಳಪು ಮಾತ್ರ ಬಾರದು.

ಅಮೆರಿಕದ ಸಂಗ್ರಾಹಕರಿಗೆ ಇದು ಚೆನ್ನಾಗಿ ಗೊತ್ತು. 1930ರ ದಶಕದಿಂದ ಅಲ್ಲಿ ವೇಟ್ ರೇಮಂಡನ ‘ನ್ಯಾಷನಲ್’ ಆಲ್ಬಮ್‌ಗಳು ಮನೆಮನೆ ಸೇರಿದವು. ದಪ್ಪ ರಟ್ಟಿನ ತೂತುಗಳಲ್ಲಿ ನಾಣ್ಯ, ಎರಡೂ ಕಡೆ ಪಾರದರ್ಶಕ ಪಟ್ಟಿ. ರಟ್ಟು ತಾಗುವುದು ಅಂಚಿಗೆ. ಆದ್ದರಿಂದ ಬಣ್ಣ ಅಂಚಿನಿಂದ ನಡುವಿಗೆ ಬಳೆಬಳೆಯಾಗಿ ಇಳಿಯಿತು. ಯಾರೂ ಬಯಸಿ ಮಾಡಿದ್ದಲ್ಲ. ಹತ್ತಾರು ವರ್ಷ ಕಪಾಟಿನಲ್ಲಿ ಸುಮ್ಮನೆ ಮಲಗಿದ್ದರಿಂದ ಆದದ್ದು. ಇಂದು ಅಂಥ ನಾಣ್ಯಕ್ಕೆ ಬೆಳ್ಳನೆಯ ನಾಣ್ಯಕ್ಕಿಂತ ಹೆಚ್ಚು ಬೆಲೆ ಕೊಡುವವರಿದ್ದಾರೆ.

“ಇದೇನ್ರೀ, ಕಿಲುಬಿಗೂ ಕವಿತೆಯೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲ ಬಣ್ಣವೂ ಚೆಂದವಲ್ಲ. ಕರ್‍ರಗೆ ಹೆಪ್ಪುಗಟ್ಟಿದ್ದು ನಾಣ್ಯವನ್ನು ತಿನ್ನುತ್ತಿರುವ ರೋಗ. ಅಗ್ಗದ ಪಿ.ವಿ.ಸಿ. ಆಲ್ಬಮ್ಮಿನಲ್ಲಿ ಕೂಡುವ ಹಸಿರು ಅಂಟು ಇನ್ನೂ ಕೆಟ್ಟದ್ದು, ನಮ್ಮ ಮುಂಬಯಿಯ ತೇವಕ್ಕಂತೂ ಕೇಳುವುದೇ ಬೇಡ. ಅದನ್ನು ತಿಳಿದವರ ಕೈಯಿಂದ ತೆಗೆಸಲೇಬೇಕು. ಅಜ್ಜಿ ದೀಪಾವಳಿಯ ಲಕ್ಷ್ಮೀಪೂಜೆಗೆ ತೊಳೆಯುವ ರೂಪಾಯಿಯ ತಂಟೆಗೂ ನಾನು ಹೋಗುವುದಿಲ್ಲ. ಅದು ದೇವರದ್ದು, ಆಲ್ಬಮ್ಮಿನದ್ದಲ್ಲ.

ಇನ್ನೊಂದು ಜಾತಿಯವರಿದ್ದಾರೆ. ಬಣ್ಣಕ್ಕೆ ಬೆಲೆ ಬಂದಿದೆ ಎಂದು ತಿಳಿದದ್ದೇ ತಡ, ಗಂಧಕದ ಹೊಗೆ ಹಿಡಿದು, ಒಲೆಯಲ್ಲಿ ಬೇಯಿಸಿ ಒಂದೇ ವಾರದಲ್ಲಿ ಐವತ್ತು ವರ್ಷದ ಬಣ್ಣ ಬರಿಸುತ್ತಾರೆ! ಪಳಗಿದ ಕಣ್ಣಿಗೆ ಇದು ಬೇಗ ಸಿಕ್ಕಿಬೀಳುತ್ತದೆ. ಹೊನ್ನು, ಕೆಂಪು, ನೀಲಿಯ ಸರದಿ ತಪ್ಪಿರುತ್ತದೆ. ಒಂದರಲ್ಲೊಂದು ಕರಗುವ ಬದಲು ಮೇಲೆ ಬಳಿದಂತೆ ಕೂತಿರುತ್ತದೆ.

ಇಷ್ಟೆಲ್ಲ ಸಾಹಿತ್ಯ ಮಂಡಳದ ಪತ್ರಿಕೆಯಲ್ಲಿ ಯಾಕೆ ಅಂದಿರಾ? ಹೇಳುತ್ತೇನೆ. ನಮ್ಮ ಸಭೆಗಳಲ್ಲಿ ಯಾರಾದರೂ ಎದ್ದು “ಮುಂಬಯಿ ಹುಡುಗರ ಕನ್ನಡ ಕೆಟ್ಟಿದೆ, ಮರಾಠಿ ಹತ್ತಿದೆ, ತೊಳೆಯಬೇಕು” ಅನ್ನುವುದುಂಟು. ನಾವು ‘ಇಯತ್ತೆ’ ಅನ್ನುತ್ತೇವೆ, ‘ಕಾಕಾ’ ಅನ್ನುತ್ತೇವೆ. ಈ ಊರಿನ ರಟ್ಟಿನಲ್ಲಿ ಎರಡು ಮೂರು ತಲೆಮಾರು ಕೂತ ಕನ್ನಡಕ್ಕೆ ಅಂಚಿನಿಂದ ಬಣ್ಣ ಏರಿದೆ. ಒಳಗಿನ ಬೆಳ್ಳಿ ಹಾಗೇ ಇದೆ. ಅದನ್ನು ಪುಸ್ತಕದ ಬೂದಿ ಹಚ್ಚಿ ತಿಕ್ಕಿದರೆ ಬೆಳ್ಳಗಾದೀತು, ನಿಜ. ಆದರೆ ಆಮೇಲೆ ಅದು ಯಾರ ಮನೆಯ ಕನ್ನಡ? ಹಾಗೆಂದು ಕನ್ನಡವನ್ನೇ ಓದದೆ, ಬರೆಯದೆ ಕಪ್ಪಾಗಲು ಬಿಡುವುದೂ ಬೇಡ, ಫ್ಯಾಶನ್ನಿಗಾಗಿ ಬಣ್ಣ ಬಳಿಯುವುದೂ ಬೇಡ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ರೂಪಾಯಿ ಇದ್ದೀತು. ಅಂಚು ಹಿಡಿದು ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಣ ಜಾಗದಲ್ಲಿ ಇಡಿ. ಅಜ್ಜಿ ಇದ್ದರೆ ಅದರ ಕಥೆ ಕೇಳಿ ಬರೆದಿಡಿ. ನಾನು ಕೇಳಲಿಲ್ಲ, ತಿಕ್ಕಿದೆ. ಈಗ ಅಜ್ಜಿಯೂ ಇಲ್ಲ, ಬಣ್ಣವೂ ಇಲ್ಲ. ಬೆಳ್ಳನೆಯ ರೂಪಾಯಿಯೊಂದು ಮಾತ್ರ ನನ್ನ ಮೇಜಿನ ಮೇಲಿದೆ.